ಹುಳುಕಿಲ್ಲದ ಹಲ್ಲು ಬಿದ್ದದ್ದು ಹೇಗೆ?

ನಮ್ಮ ಸೋದರಮಾವನ ಕೆಳದವಡೆಯ ಮುಂದಿನ ಹಲ್ಲೊಂದು ಕೋಡುಬಳೆ ಕಡಿಯುವಾಗ ಕೈಗೆ ಬಂತು. ನೋವಿಲ್ಲ, ರಕ್ತವೂ ಅಷ್ಟೇನಿಲ್ಲ. ಮಾವ ಅದನ್ನು ತೊಳೆದು, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡು, ಎಲ್ಲಾದ್ರೂ ಒಂದು ಹುಳುಕಿದ್ಯಾ? ಇಷ್ಟು ಗಟ್ಟಿ ಹಲ್ಲು, ಸುಮ್ನೆ ಬಿದ್ದೋಯ್ತು" ಅನ್ನುತ್ತಿದ್ದ.

ನಾನೂ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಮಾವ ಹೇಳಿದ್ದು ನಿಜ. ಹೊರಗೆ ಕಾಣುವ ಭಾಗ ಒಳ್ಳೆ ಸೌತೆಬೀಜದ ಹಾಗೆ ನುಣ್ಣಗೆ ಇತ್ತು. ಆದರೆ ಅದರ ಕೆಳಗೆ, ಒಸಡಿನೊಳಗೆ ಹೂತಿರಬೇಕಾದ ಬೇರಿನ ಮೇಲೆ, ಕಂದುಗಪ್ಪು ಬಣ್ಣದ ಒರಟು ಪದರ ಮೆತ್ತಿಕೊಂಡಿತ್ತು. ಬಚ್ಚಲುಮನೆ ಹಂಡೆಯ ಒಳಗೆ ಗಡಸು ನೀರಿನಿಂದ ಕಟ್ಟುವ ಕಿಟ್ಟ ಇರುತ್ತದಲ್ಲ, ಥೇಟ್ ಹಾಗೆ. ಉಗುರಿನಿಂದ ಕೆರೆದರೂ ಬರಲಿಲ್ಲ. ಬೇರಿನ ತುದಿಯಲ್ಲಿ ಮಾತ್ರ, ಮೂರು ಮಿಲಿಮೀಟರ್ ಇರಬಹುದು, ಹಳದಿಯಾದ ಶುಭ್ರ ಜಾಗ ಉಳಿದಿತ್ತು.

ಆ ಮೂರು ಮಿಲಿಮೀಟರಿನ ಮೇಲೆ ಮಾವನ ಹಲ್ಲು ಎಷ್ಟೋ ದಿನದಿಂದ ನಿಂತಿತ್ತು. ಉಳಿದ ಬೇರಿಗೆ ಹಿಡಿತವೇ ಇರಲಿಲ್ಲ. ಮರಕ್ಕೆ ಏನೂ ಆಗಿರಲಿಲ್ಲ, ಬುಡದ ಮಣ್ಣು ಕೊಚ್ಚಿಹೋಗಿತ್ತು. ಒಸಡಿನ ರೋಗ ಅನ್ನುವುದು ಇದನ್ನೇ. ಹಳಬರು ಪಯೋರಿಯಾ ಅನ್ನುತ್ತಾರೆ, ಡಾಕ್ಟರುಗಳು ಪೆರಿಯೊಡಾಂಟೈಟಿಸ್ ಅನ್ನುತ್ತಾರೆ.

ಹುಳುಕಿನ ವಿಷಯ ನಮಗೆಲ್ಲ ಗೊತ್ತು. ಚಾಕಲೇಟ್ ತಿನ್ನಬೇಡ ಅಂತ ಮಕ್ಕಳನ್ನು ಗದರಿಸುತ್ತೇವೆ. ಆದರೆ ದೊಡ್ಡವರ ಹಲ್ಲು ಉದುರಿಸುವುದರಲ್ಲಿ ಒಸಡಿನ ರೋಗದ ಪಾಲು ತುಂಬ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಇದು ತೀವ್ರ ಮಟ್ಟದಲ್ಲಿದೆ. ಇಷ್ಟಾದರೂ ಇದರ ಬಗ್ಗೆ ಮಾತು ಕಡಿಮೆ. ಕಾರಣ ಸರಳ. ಇದು ನೋಯುವುದಿಲ್ಲ.

ಹಲ್ಲು ನಿಂತಿರುವ ಬಗೆ

ಹಲ್ಲನ್ನು ನಾವು ಗೋಡೆಗೆ ಹೊಡೆದ ಮೊಳೆ ಅಂದುಕೊಂಡಿರುತ್ತೇವೆ. ಹಾಗಲ್ಲ. ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸಣ್ಣ ಸಂದಿ ಇದೆ. ಅಗಲ ಸುಮಾರು 0.2 ಮಿಲಿಮೀಟರ್, ಅಂದರೆ ಎರಡು ಹಾಳೆ ಕಾಗದ ತೂರಿಸುವಷ್ಟು. ಆ ಸಂದಿಯ ತುಂಬ ನಾರುಗಳಿವೆ. ಒಂದು ತುದಿ ಬೇರಿಗೆ ಕಚ್ಚಿಕೊಂಡಿದ್ದರೆ ಇನ್ನೊಂದು ತುದಿ ಮೂಳೆಗೆ. ಹಲ್ಲು ಈ ನಾರುಗಳಲ್ಲಿ ತೊಟ್ಟಿಲಿನ ಹಾಗೆ ತೂಗಿಕೊಂಡಿದೆ. ಕಡಲೆ ಕಡಿದಾಗ ಹಲ್ಲು ಕೂದಲೆಳೆಗಿಂತ ಕಡಿಮೆ ಅಂತರ ಒಳಗೆ ಕುಸಿದು ಮತ್ತೆ ಮೇಲೆ ಬರುತ್ತದೆ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕರೂ ತಟ್ಟನೆ ಗೊತ್ತಾಗುತ್ತದಲ್ಲ, ಅದನ್ನು ಹೇಳುವ ನರಗಳೂ ಈ ನಾರುಗಳ ನಡುವೆಯೇ ಇವೆ.

ಇದಕ್ಕೆಲ್ಲ ಮೇಲಿನ ಹೊದಿಕೆ ಒಸಡು. ಅಂಗಿಯ ಕಾಲರ್ ಕತ್ತನ್ನು ಸುತ್ತಿದ ಹಾಗೆ ಅದು ಹಲ್ಲನ್ನು ಸುತ್ತಿಕೊಂಡಿರುತ್ತದೆ. ಕಾಲರಿಗೂ ಕತ್ತಿಗೂ ನಡುವೆ ಸ್ವಲ್ಪ ಜಾಗ ಇರುವಂತೆ, ಒಸಡಿಗೂ ಹಲ್ಲಿಗೂ ನಡುವೆ ಒಂದು ಕಿರುಗಾಲುವೆ ಇದೆ. ಆರೋಗ್ಯವಾಗಿರುವವರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಅದರ ತಳದಲ್ಲಿ ಒಸಡು ಹಲ್ಲಿಗೆ ಅಂಟಿಕೊಂಡಿರುತ್ತದೆ. ಬಾಯಿಯೊಳಗಿನ ಹೊಲಸು ಕೆಳಗಿನ ನಾರು, ಮೂಳೆಯ ತನಕ ಇಳಿಯದಂತೆ ತಡೆಯುವ ಬಾಗಿಲು ಅದು. ಮುಂದಿನ ಕತೆಯೆಲ್ಲ ಈ ಬಾಗಿಲಿನದ್ದೇ.

ಬೆಳಗ್ಗೆ ಎದ್ದ ಕೂಡಲೇ ನಾಲಿಗೆಯಿಂದ ಕೆಳಗಿನ ಹಲ್ಲಿನ ಹಿಂಭಾಗ ಸವರಿ ನೋಡಿ. ಒಂಥರಾ ಜಿಗಟು ಸಿಗುತ್ತದೆ. ಅದನ್ನೇ ನಾವು ಪಾಚಿ ಅನ್ನುವುದು, ಡಾಕ್ಟರು ಪ್ಲಾಕ್ ಅನ್ನುವುದು. ತಿಂದ ಅನ್ನದ ಚೂರು ಅಂದುಕೊಂಡರೆ ತಪ್ಪು. ಅದು ಬಹುಪಾಲು ಬ್ಯಾಕ್ಟೀರಿಯಾ. ಒಂದು ಮಿಲಿಗ್ರಾಂ ಪಾಚಿಯಲ್ಲಿ ಹತ್ತು ಕೋಟಿಯಷ್ಟು ಇರಬಹುದು.

ಇದನ್ನು ಮೊದಲು ಕಣ್ಣಾರೆ ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. 1683ರಲ್ಲಿ ತನ್ನ ಹಲ್ಲುಗಳ ಸಂದಿಯಿಂದ ಕಲಸಿದ ಹಿಟ್ಟಿನಂಥ ಬಿಳಿ ಪದಾರ್ಥ ಕೆರೆದು, ತಾನೇ ಮಾಡಿದ ಮಸೂರದ ಕೆಳಗೆ ಇಟ್ಟು ನೋಡಿದ. ಅದರಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಜೀವಿಗಳು ಓಡಾಡುತ್ತಿದ್ದವು. ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಪತ್ರ ಬರೆದ. ನನಗೆ ಇಷ್ಟವಾಗುವುದು ಆ ಪತ್ರದ ಇನ್ನೊಂದು ವಿವರ. ಅವನು ದಿನಾ ಬೆಳಗ್ಗೆ ಉಪ್ಪಿನಿಂದ ಹಲ್ಲು ಉಜ್ಜಿ, ಬಟ್ಟೆಯಿಂದ ಒರೆಸಿಕೊಳ್ಳುವ ಶಿಸ್ತಿನ ಮನುಷ್ಯ. ಹಾಗಿದ್ದೂ ಸಂದಿಯಲ್ಲಿ ಅಷ್ಟು ಸಿಕ್ಕಿತು. ಉಪ್ಪು ಇದ್ದಿಲು ತಿಕ್ಕಿ ಹಲ್ಲು ಪಳಪಳ ಅನ್ನಿಸುತ್ತಿದ್ದ ನಮ್ಮ ಮಾವನ ಪಾಡೂ ಅದೇ. ಕಾಣುವ ಕಡೆ ಹೊಳಪು, ಸಂದಿಯಲ್ಲಿ ಹಿಟ್ಟು.

ಪಾಚಿ ಕಟ್ಟುವ ಕೆಲಸ ಹಲ್ಲುಜ್ಜಿದ ಕೆಲವೇ ನಿಮಿಷಕ್ಕೆ ಮತ್ತೆ ಶುರುವಾಗುತ್ತದೆ. ಮೊದಲು ಎಂಜಲಿನಲ್ಲಿರುವ ಪ್ರೋಟೀನು ಹಲ್ಲಿನ ಮೇಲೆ ತೆಳ್ಳನೆ ಪೊರೆಯಾಗಿ ಕೂರುತ್ತದೆ. ಆ ಪೊರೆಗೆ ಕೆಲವು ಬ್ಯಾಕ್ಟೀರಿಯಾ ಬಂದು ಅಂಟುತ್ತವೆ. ಇವು ಹೆಚ್ಚಿನಂಶ ಸಾಧು ಜಾತಿಯವು. ಅವುಗಳ ಬೆನ್ನಿಗೆ ಇನ್ನೊಂದು ಬಗೆಯವು, ಅವುಗಳ ಬೆನ್ನಿಗೆ ಮತ್ತೊಂದು. ಖಾಲಿ ಸೈಟಿನಲ್ಲಿ ಮೊದಲೊಂದು ಗುಡಿಸಲು ಎದ್ದು, ಪಕ್ಕದಲ್ಲಿ ಚಹಾ ಅಂಗಡಿ ಬಂದು, ನೋಡನೋಡುತ್ತ ಬಡಾವಣೆಯೇ ಆಗಿಬಿಡುವ ಹಾಗೆ. ಎಲ್ಲ ಸೇರಿ ಸುತ್ತ ಒಂದು ಅಂಟು ಹೊದಿಕೆ ನೇಯ್ದುಕೊಳ್ಳುತ್ತವೆ. ಆಮೇಲೆ ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ, ಮೌತ್‌ವಾಶ್ ಕೂಡ ಒಳಗಿನ ತನಕ ಇಳಿಯುವುದಿಲ್ಲ. ತಿಕ್ಕಿ ಕೀಳಬೇಕು, ಅಷ್ಟೇ.

ಹಲ್ಲುಜ್ಜುವುದನ್ನು ಬಿಟ್ಟ ಹನ್ನೆರಡು ಜನ

ಪಾಚಿಯಿಂದಲೇ ಒಸಡು ಕೆಡುತ್ತದೆ ಎಂದು 60 ವರ್ಷದ ಹಿಂದೆ ಖಚಿತವಾಗಿ ಹೇಳುವವರಿರಲಿಲ್ಲ. ವಯಸ್ಸು, ಆಹಾರ, ವಂಶ ಅಂತೆಲ್ಲ ವಾದಗಳಿದ್ದವು. ಹರಾಲ್ಡ್ ಲೋ ಎಂಬ ನಾರ್ವೆಯ ದಂತವಿಜ್ಞಾನಿ ಡೆನ್ಮಾರ್ಕಿನ ಆರ್ಹುಸ್ ಊರಿನಲ್ಲಿ ತನ್ನ ಜೊತೆಗಾರರೊಂದಿಗೆ ಇದನ್ನು ಬಗೆಹರಿಸಿದ. 1965ರಲ್ಲಿ ಪ್ರಕಟವಾದ ಆ ಪ್ರಯೋಗ ಎಷ್ಟು ಸರಳ ಅಂದರೆ ನಗು ಬರುತ್ತದೆ. ಒಸಡು ಚೆನ್ನಾಗಿರುವ ಹನ್ನೆರಡು ಜನರನ್ನು ಆರಿಸಿ, ಹೆಚ್ಚಿನವರು ದಂತವೈದ್ಯಕೀಯದ ಹುಡುಗರೇ, "ಇವತ್ತಿನಿಂದ ಹಲ್ಲುಜ್ಜಬೇಡಿ" ಅಂದರು.

10ರಿಂದ 21 ದಿನದೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯಿತು.

ಆ ಹನ್ನೆರಡು ಜನಕ್ಕೆ ಆದದ್ದೇ ರೋಗದ ಮೊದಲ ಹಂತ, ಜಿಂಜಿವೈಟಿಸ್. ಈ ಹಂತದಲ್ಲಿ ಮೂಳೆಗೆ ಏನೂ ಆಗಿರುವುದಿಲ್ಲ. ಪಾಚಿಯ ಬ್ಯಾಕ್ಟೀರಿಯಾ ಬಿಡುವ ವಿಷ ಒಸಡಿನೊಳಗೆ ಜಿನುಗುತ್ತದೆ. ದೇಹ ಅಲ್ಲಿಗೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಅವು ಬರಲು ದಾರಿ ಬೇಕಲ್ಲ, ಅದಕ್ಕೇ ಅಲ್ಲಿನ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ, ಸಂಖ್ಯೆಯೂ ಜಾಸ್ತಿಯಾಗುತ್ತದೆ. ಒಸಡಿನ ಒಳಪದರ ತೆಳುವಾಗಿ ಅಲ್ಲಲ್ಲಿ ಹರಿದಿರುತ್ತದೆ. ಬ್ರಷ್ ತಾಗಿದರೆ ಸಾಕು, ರಕ್ತ.

ಇಲ್ಲಿ ಬಹಳ ಜನ ಮಾಡುವ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದೆ. ಉಗಿದಾಗ ಬೇಸಿನ್ನಿನಲ್ಲಿ ಕೆಂಪು ಗೆರೆ ಕಂಡರೆ "ಬ್ರಷ್ ಗಟ್ಟಿ ಇರಬೇಕು" ಅಂದುಕೊಂಡು ಬೇರೆ ಬ್ರಷ್ ತಂದೆ. ಆಮೇಲೆ ರಕ್ತ ಬರುವ ಕಡೆ ಉಜ್ಜುವುದನ್ನೇ ಕಡಿಮೆ ಮಾಡಿದೆ. ಅಲ್ಲಿ ಪಾಚಿ ಇನ್ನೂ ಜಾಸ್ತಿಯಾಯಿತು, ರಕ್ತವೂ ಜಾಸ್ತಿಯಾಯಿತು. ಕೈ ತೊಳೆಯುವಾಗ ದಿನಾ ಬೆರಳಿಂದ ರಕ್ತ ಬಂದರೆ ಯಾರಾದರೂ ಸುಮ್ಮನಿರುತ್ತಾರಾ? ಬಾಯಿಯ ವಿಷಯಕ್ಕೆ ಮಾತ್ರ ಸುಮ್ಮನಿರುತ್ತೇವೆ.

ಇನ್ನು ಕಿಟ್ಟದ ವಿಷಯ. ಎಂಜಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿಕೊಂಡಿರುತ್ತವೆ. ಕೀಳದೆ ಬಿಟ್ಟ ಪಾಚಿಯೊಳಗೆ ಅವು ಇಳಿದು, ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಎಂಜಲಿನ ಗ್ರಂಥಿಗಳು ಬಾಯಿಗೆ ತೆರೆಯುವ ಕಡೆ ಇದು ಹೆಚ್ಚು. ಅದಕ್ಕೇ ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗದಲ್ಲಿ, ಮೇಲಿನ ದವಡೆಹಲ್ಲುಗಳ ಕೆನ್ನೆಯ ಕಡೆ ಕಿಟ್ಟ ಬೇಗ ಕಟ್ಟುತ್ತದೆ. ಕಿಟ್ಟವೇ ಒಸಡನ್ನು ತಿನ್ನುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಅದು ಕಲ್ಲು, ತಿನ್ನುವುದಿಲ್ಲ. ಆದರೆ ಅದರ ಮೈ ಒರಟು. ಒರಟು ಕಲ್ಲಿನ ಮೇಲೆ ಪಾಚಿ ಬೆಳೆದ ಹಾಗೆ ಅದರ ಮೇಲೆ ಹೊಸ ಪಾಚಿ ಕೂರುತ್ತದೆ, ಬ್ರಷ್ಷಿಗೆ ಸಿಗುವುದಿಲ್ಲ.

ಕಾಲುವೆ ಬಾವಿಯಾದಾಗ

ಒಸಡು ಊದಿದಾಗ ಆ 2 ಮಿಲಿಮೀಟರಿನ ಕಾಲುವೆ ತಾನೇ ಸ್ವಲ್ಪ ಆಳವಾಗುತ್ತದೆ. ಆಳವಾದಷ್ಟೂ ಅಲ್ಲಿಗೆ ಗಾಳಿ ಹೋಗುವುದಿಲ್ಲ. ಗಾಳಿ ಬೇಕಾದ ಬ್ಯಾಕ್ಟೀರಿಯಾ ಹಿಂದೆ ಸರಿದು, ಗಾಳಿ ಬೇಡದವು ತಲೆ ಎತ್ತುತ್ತವೆ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಅನ್ನುವುದು ಇವುಗಳಲ್ಲಿ ಕುಖ್ಯಾತ. ಹೆಸರು ನೆನಪಿಡಬೇಕಾಗಿಲ್ಲ. ಇವುಗಳಿಗೆ ಬೇಕಾದದ್ದು ಸಕ್ಕರೆಯಲ್ಲ, ಪ್ರೋಟೀನು. ಊದಿದ ಒಸಡಿನಿಂದ ಒಸರುವ ದ್ರವ, ರಕ್ತ ಎಲ್ಲವೂ ಅವಕ್ಕೆ ಊಟ. ಅಂದರೆ ಉರಿಯೂತ ಜಾಸ್ತಿಯಾದಷ್ಟು ಇವುಗಳಿಗೆ ಹಬ್ಬ. ಪ್ರೋಟೀನು ಕೊಳೆತಾಗ ಗಂಧಕದ ವಾಸನೆ ಬರುತ್ತದೆ. ಒಸಡು ಕೆಟ್ಟವರ ಬಾಯಿವಾಸನೆ ಏಲಕ್ಕಿ ಜಗಿದರೂ ಯಾಕೆ ಹೋಗುವುದಿಲ್ಲ ಅಂದರೆ ಇದೇ ಕಾರಣ.

ಇಲ್ಲಿಂದ ಮುಂದಿನದು ಈ ರೋಗದ ವಿಚಿತ್ರ ಭಾಗ. ಬ್ಯಾಕ್ಟೀರಿಯಾ ಬಂದು ಮೂಳೆ ಕೊರೆಯುತ್ತದೆ ಎಂದು ನಾನು ಅಂದುಕೊಂಡಿದ್ದೆ. ಇಲ್ಲ. ಮೂಳೆ ಕರಗಿಸುವುದು ನಮ್ಮ ದೇಹವೇ.

ಕಾಲುವೆಯೊಳಗಿನ ಪಾಚಿ ಹಲ್ಲಿನ ಮೈಗೆ ಅಂಟಿಕೊಂಡಿದೆ. ಹಲ್ಲಿನ ಆ ಹೊರಮೈ ದೇಹದ ಹೊರಗಿದ್ದಂತೆ, ಅಲ್ಲಿಗೆ ರಕ್ತನಾಳ ಇಲ್ಲ. ನಮ್ಮ ಬಿಳಿ ರಕ್ತಕಣಗಳು ಒಸಡಿನೊಳಗಿಂದ ನುಗ್ಗಿ ಬಂದು ಬಾಗಿಲಲ್ಲಿ ನಿಂತು ಹೋರಾಡುತ್ತವೆ, ಆದರೆ ಶತ್ರುವಿನ ಕೋಟೆ ಒಡೆಯಲು ಆಗುವುದಿಲ್ಲ. ಸೋಲೂ ಇಲ್ಲ, ಗೆಲುವೂ ಇಲ್ಲ. ವರ್ಷಗಟ್ಟಲೆ ನಡೆಯುವ ಈ ಜಗಳದಲ್ಲಿ ಅವು ಬಿಡುವ ರಾಸಾಯನಿಕಗಳು ಅಕ್ಕಪಕ್ಕದ ಸ್ವಂತ ನಾರುಗಳನ್ನೇ ಕರಗಿಸುತ್ತವೆ. ಬಾಗಿಲು ಇನ್ನಷ್ಟು ಕೆಳಗೆ ಸರಿಯುತ್ತದೆ.

ನಮ್ಮ ಮೂಳೆಯಲ್ಲಿ ಸದಾ ಎರಡು ತಂಡಗಳು ಕೆಲಸ ಮಾಡುತ್ತಿರುತ್ತವೆ. ಒಂದು ಹಳೆ ಮೂಳೆ ಕೆಡವುತ್ತದೆ, ಇನ್ನೊಂದು ಹೊಸದು ಕಟ್ಟುತ್ತದೆ. ಉರಿಯೂತದ ಸಂದೇಶ ಮೂಳೆಯ ಹತ್ತಿರ ಬಂದಾಗ ಕೆಡವುವ ತಂಡಕ್ಕೆ ಜನ ಜಾಸ್ತಿಯಾಗುತ್ತಾರೆ. ಮೂಳೆ ಕೆಳಗೆ ಇಳಿಯುತ್ತದೆ. ಒಂದು ರೀತಿಯಲ್ಲಿ ನೋಡಿದರೆ ದೇಹ ತನ್ನ ಮೂಳೆಯನ್ನು ಬೆಂಕಿಯಿಂದ ದೂರ ಎಳೆದುಕೊಳ್ಳುತ್ತಿದೆ. ಪಕ್ಕದ ಮನೆಗೆ ಬೆಂಕಿ ಹತ್ತಿದಾಗ ನಮ್ಮ ಚಪ್ಪರ ನಾವೇ ಕಿತ್ತು ಹಾಕುತ್ತೇವಲ್ಲ, ಹಾಗೆ. ಬೆಂಕಿ ದವಡೆಯೊಳಗೆ ಹರಡದಂತೆ ನೋಡಿಕೊಳ್ಳಲು ಅದು ಕೊಡುವ ಬೆಲೆ ಹಲ್ಲು.

ಹೀಗೆ 2 ಮಿಲಿಮೀಟರಿನ ಕಾಲುವೆ 4 ಆಗುತ್ತದೆ, 6 ಆಗುತ್ತದೆ. ಡಾಕ್ಟರುಗಳು ಇದಕ್ಕೆ ಪಾಕೆಟ್ ಅನ್ನುತ್ತಾರೆ. ಬ್ರಷ್ಷಿನ ಎಳೆ ಒಸಡಿನ ಅಂಚಿನ ಕೆಳಗೆ ಹೋಗುವುದು ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಆರು ಮಿಲಿಮೀಟರಿನ ತಳ ನಿಮ್ಮ ಕೈಗೆ ಯಾವತ್ತೂ ಸಿಗುವುದಿಲ್ಲ. ಆರ್ಹುಸ್‌ನ ಹುಡುಗರಿಗೆ ಒಂದು ವಾರದಲ್ಲಿ ವಾಸಿಯಾಯಿತಲ್ಲ, ಆ ದಾರಿ ಇಲ್ಲಿ ಮುಚ್ಚಿರುತ್ತದೆ. ಕರಗಿದ ಮೂಳೆ ತಾನಾಗಿ ಮೊದಲಿನ ಎತ್ತರಕ್ಕೆ ಬೆಳೆಯುವುದಿಲ್ಲ.

ಎಲ್ಲರಿಗೂ ಹೀಗಾಗುತ್ತದಾ? ಇಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. ಅದೇ ಹರಾಲ್ಡ್ ಲೋ ತಂಡ 1970ರಿಂದ 15 ವರ್ಷ ಅಲ್ಲಿನ 480 ಜನ ತಮಿಳು ಕೂಲಿಗಾರರ ಬಾಯಿಯನ್ನು ಮತ್ತೆ ಮತ್ತೆ ಅಳೆಯಿತು. ಎಲ್ಲ ಗಂಡಸರು, ಶುರುವಿನಲ್ಲಿ 14ರಿಂದ 31 ವರ್ಷದವರು. ಅವರಿಗೆ ದಂತವೈದ್ಯರ ಸೌಲಭ್ಯ ಇರಲಿಲ್ಲ, ಬ್ರಷ್ ಪೇಸ್ಟಿನ ಅಭ್ಯಾಸವೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪಾಚಿ, ಕಿಟ್ಟ ಒಂದೇ ಸಮ. ಆದರೆ ಹುಳುಕು ಮಾತ್ರ ಹೆಚ್ಚುಕಡಿಮೆ ಯಾರಿಗೂ ಇರಲಿಲ್ಲ. ಮಾವನ ಹಲ್ಲಿನ ಹಾಗೆ.

ಫಲಿತಾಂಶ 1986ರಲ್ಲಿ ಬಂತು. ಸುಮಾರು 8% ಜನರಲ್ಲಿ ರೋಗ ತುಂಬ ವೇಗವಾಗಿ ಬೆಳೆದಿತ್ತು. ಅವರು ಇಪ್ಪತ್ತರ ವಯಸ್ಸಿನಲ್ಲೇ ಹಲ್ಲು ಕಳೆದುಕೊಳ್ಳಲು ಶುರು ಮಾಡಿ, 45ರ ಹೊತ್ತಿಗೆ ಬೊಚ್ಚುಬಾಯಿ ಆಗಿದ್ದರು. 81% ಜನರಲ್ಲಿ ಅದು ನಿಧಾನಕ್ಕೆ ನಡೆದಿತ್ತು, 45ರ ಹೊತ್ತಿಗೆ ಸರಾಸರಿ ಏಳು ಹಲ್ಲು ಹೋಗಿದ್ದವು. ಉಳಿದ 11% ಜನಕ್ಕೆ ಒಸಡು ಕೆಂಪಗಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಅದೇ ತೋಟ, ಅದೇ ಊಟ, ಅಷ್ಟೇ ಪಾಚಿ. ವ್ಯತ್ಯಾಸ ಇದ್ದದ್ದು ಪ್ರತಿಯೊಬ್ಬನ ದೇಹ ಆ ಪಾಚಿಯ ಜೊತೆ ಹೇಗೆ ಜಗಳವಾಡುತ್ತದೆ ಎಂಬುದರಲ್ಲಿ.

"ನಮ್ಮಜ್ಜ ಜೀವಮಾನದಲ್ಲಿ ಬ್ರಷ್ ಮುಟ್ಟಲಿಲ್ಲ, 90ರಲ್ಲೂ ಕಬ್ಬು ಸಿಗಿಯುತ್ತಿದ್ದ" ಅನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಸುಳ್ಳಿರಲಿಕ್ಕಿಲ್ಲ. ಅಜ್ಜ ಆ 11ರ ಪೈಕಿ. ಮೊಮ್ಮಗ ಯಾವ ಪೈಕಿ ಅಂತ ಮೊದಲೇ ಹೇಳಲಾಗುವುದಿಲ್ಲ, ಅಷ್ಟೇ. ಇನ್ನೊಂದು ಮಾತು. ಆ ಅಧ್ಯಯನದಿಂದ ಜಗತ್ತು ಬಹಳ ಕಲಿತಿದೆ. ಆದರೆ ಒಬ್ಬನ ಹಲ್ಲು ಒಂದೊಂದೇ ಉದುರುವುದನ್ನು ಅಳತೆಕಡ್ಡಿ ಹಿಡಿದು ಬರೆದುಕೊಳ್ಳುತ್ತ ಹೋದದ್ದನ್ನು ನೆನೆದರೆ ಮನಸ್ಸಿಗೆ ಒಂಥರಾ ಆಗುತ್ತದೆ.

ನೋವು ಯಾಕೆ ಬರುವುದಿಲ್ಲ

ಹುಳುಕು ಹಲ್ಲಿನೊಳಗಿನ ನರದ ತನಕ ಹೋದರೆ ರಾತ್ರಿ ನಿದ್ದೆ ಇರುವುದಿಲ್ಲ. ಹಲ್ಲಿನ ಒಳಗೆ ಊತಕ್ಕೆ ಜಾಗವಿಲ್ಲ, ಒತ್ತಡ ನೇರ ನರದ ಮೇಲೆ ಬೀಳುತ್ತದೆ. ಒಸಡಿನ ಪಾಕೆಟ್ಟಿಗೆ ಮೇಲುಗಡೆ ಬಾಯಿ ತೆರೆದಿದೆ. ಕೀವಾದರೂ ಸ್ವಲ್ಪ ಸ್ವಲ್ಪವೇ ಹೊರಗೆ ಹರಿದುಹೋಗುತ್ತದೆ, ನಾವು ನುಂಗುತ್ತೇವೆ, ಗೊತ್ತೂ ಆಗುವುದಿಲ್ಲ. ಬಾಯಿ ತುಂಬ ಆಳದ ಪಾಕೆಟ್ ಇರುವವರಲ್ಲಿ ಅವನ್ನೆಲ್ಲ ಬಿಡಿಸಿ ಹರಡಿದರೆ ಎರಡು ರೂಪಾಯಿಯ ಎರಡು ಮೂರು ನಾಣ್ಯ ಪಕ್ಕಪಕ್ಕ ಇಟ್ಟಷ್ಟು ಗಾಯವಾಗುತ್ತದೆ. ಅಷ್ಟು ದೊಡ್ಡ ಹುಣ್ಣು ಮೊಣಕೈ ಮೇಲಿದ್ದರೆ ಎರಡನೇ ದಿನಕ್ಕೆ ಆಸ್ಪತ್ರೆಗೆ ಓಡುತ್ತಿದ್ದೆವು. ಪಾಕೆಟ್ಟಿನ ಬಾಯಿ ಯಾವತ್ತಾದರೂ ಮುಚ್ಚಿಕೊಂಡರೆ ಮಾತ್ರ ಕೀವು ಒಳಗೇ ತುಂಬಿ ಒಸಡು ಗುಳ್ಳೆಯಾಗುತ್ತದೆ, ಆಗ ನೋವು ಬರುತ್ತದೆ.

ನೋವಿಲ್ಲದಿದ್ದರೂ ಹಲ್ಲು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿರುತ್ತದೆ. ಒಸಡು ಇಳಿದು ಬೇರು ಹೊರಗೆ ಕಂಡರೆ ತಣ್ಣೀರು ಕುಡಿದಾಗ ಜುಂ ಅನ್ನುತ್ತದೆ, ಯಾಕೆಂದರೆ ಬೇರಿಗೆ ಎನಾಮೆಲ್ ಹೊದಿಕೆ ಇಲ್ಲ. ಹಲ್ಲು ಮೊದಲಿಗಿಂತ ಉದ್ದ ಕಾಣುತ್ತದೆ. ಮುಂಚೆ ಸಿಕ್ಕಿಕೊಳ್ಳದಿದ್ದ ಕಡೆ ಸೊಪ್ಪಿನ ನಾರು, ಮಾವಿನ ನಾರು ಸಿಕ್ಕಿಕೊಳ್ಳುತ್ತದೆ. ಮೇಲಿನ ಮುಂದಿನ ಹಲ್ಲುಗಳು ನಿಧಾನಕ್ಕೆ ಬೀಸಣಿಗೆಯ ಹಾಗೆ ಮುಂದೆ ಚಾಚಿ, ನಡುವೆ ಸಂದಿ ಬಿಡುತ್ತವೆ. ಹಳೆ ಮದುವೆ ಫೋಟೋ ತೆಗೆದು ನೋಡಿದರೆ ಆಗ ಆ ಸಂದಿ ಇರುವುದಿಲ್ಲ. ಕೊನೆಗೆ ಹಲ್ಲು ಅಲ್ಲಾಡುತ್ತದೆ. ನಮ್ಮ ಜನ ಡಾಕ್ಟರ ಹತ್ತಿರ ಹೋಗುವುದು ಈ ಹಂತದಲ್ಲಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಕಟ್ಟಿದವರು, ಹಲ್ಲು ಹೋಗುವುದು ವಯಸ್ಸಿನ ಸಹಜ ಗುಣ ಎಂದೇ ನಂಬಿದ್ದಿರಬೇಕು. ವಯಸ್ಸು ಹಲ್ಲು ಬೀಳಿಸುವುದಿಲ್ಲ. ವಯಸ್ಸಾಗುವಷ್ಟು ಕಾಲ ರೋಗಕ್ಕೆ ಸಮಯ ಸಿಕ್ಕಿರುತ್ತದೆ.

ಬೆಂಕಿಗೆ ತುಪ್ಪ ಸುರಿಯುವವು ಎರಡು. ಒಂದು ತಂಬಾಕು. ಬೀಡಿ ಸಿಗರೇಟು ಸೇದುವವರಲ್ಲಿ ರೋಗ ಜೋರಾಗಿ ನಡೆಯುತ್ತದೆ, ಆದರೆ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ರಕ್ತ ಕಡಿಮೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಬಾರಿಸುವ ಎಚ್ಚರಿಕೆ ಗಂಟೆಯೂ ಬಾಯಿ ಮುಚ್ಚಿಕೊಂಡಂತಾಯಿತು. ಕಡ್ಡಿಪುಡಿ, ಗುಟ್ಕಾ ಒತ್ತರಿಸಿ ಇಟ್ಟುಕೊಳ್ಳುವ ಜಾಗದಲ್ಲಿ ಒಸಡು ಹಾಗೇ ಇಳಿದುಹೋಗುತ್ತದೆ. ಬಾಯಿ ಕ್ಯಾನ್ಸರಿನ ಮಾತು ಬೇರೆಯೇ ಇದೆ. ನಮ್ಮ ಮಾವ 30 ವರ್ಷ ಕಡ್ಡಿಪುಡಿಯನ್ನು ಕೆಳತುಟಿಯ ಹಿಂದೆ ಇಟ್ಟುಕೊಂಡವನು. ಬಿದ್ದ ಹಲ್ಲೂ ಅಲ್ಲಿಯದೇ.

ಇನ್ನೊಂದು ಸಕ್ಕರೆ ಕಾಯಿಲೆ. ಇದು ಎರಡೂ ಕಡೆ ಹರಿತವಿರುವ ಕತ್ತಿ. ಶುಗರ್ ಹೆಚ್ಚಿದ್ದರೆ ದೇಹದ ಜಗಳ ವಿಪರೀತವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ, ಒಸಡು ಕೆಡುತ್ತದೆ. ಒಸಡಿನ ಉರಿಯೂತ ರಕ್ತದಲ್ಲಿ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಶುಗರ್ ಏರುತ್ತದೆ. ಒಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿಕೊಂಡ ಸಕ್ಕರೆ ಕಾಯಿಲೆಯವರಲ್ಲಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ರಕ್ತಪರೀಕ್ಷೆ) ಸರಾಸರಿ 0.4ರಷ್ಟು ಇಳಿದದ್ದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡಿದೆ. ಮಾತ್ರೆ ಬಿಡಬಹುದು ಅಂತಲ್ಲ. ಆದರೆ ಶುಗರ್ ಚೆಕಪ್ಪಿಗೆ ಹೋದಾಗ ಕಾಲು, ಕಣ್ಣು ನೋಡುತ್ತಾರೆ, ಒಸಡಿನ ಬಗ್ಗೆ ಕೇಳುವವರು ಕಡಿಮೆ. ನಾವೇ ಕೇಳಬೇಕು.

ಹೃದಯದ ಕಾಯಿಲೆಗೂ ಇದಕ್ಕೂ ನಂಟಿದೆ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಒಸಡು ಕೆಟ್ಟವರಲ್ಲಿ ಹೃದಯದ ತೊಂದರೆ ಹೆಚ್ಚು ಕಾಣುತ್ತದೆ, ನಿಜ. ಒಸಡು ಸರಿಮಾಡಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಎಂದು ಸಾಬೀತಾಗಿಲ್ಲ. ಬಸುರಿಯರಲ್ಲಿ ಹಾರ್ಮೋನಿನಿಂದ ಒಸಡು ಸ್ವಲ್ಪ ಪಾಚಿಗೂ ಜಾಸ್ತಿ ಊದುತ್ತದೆ. ಮಗು ತಾಯಿಯ ಹಲ್ಲಿನ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ ಅನ್ನುವುದು ಮಾತ್ರ ಬರೀ ಮಾತು. ಬಿಪಿಗೆ ಕೊಡುವ ಅಮ್ಲೋಡಿಪಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಮಾತ್ರೆಗಳಿಂದ ಕೆಲವರಿಗೆ ಒಸಡು ಬೆಳೆದು ಹಲ್ಲನ್ನು ಮುಚ್ಚುತ್ತದೆ. ಹಾಗಾದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದಾ?

ಮಾವನ ಬೆಂಕಿಪೊಟ್ಟಣ ನೋಡಿದ ಮೇಲೆ ನನಗೂ ಭಯವಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಕೈಯಲ್ಲಿ ಹಿಡಿದದ್ದು ಸೂಜಿಯಂಥ, ಆದರೆ ತುದಿ ಮೊಂಡಾದ ಒಂದು ಕಡ್ಡಿ. ಅದರ ಮೇಲೆ ಸ್ಕೇಲಿನ ಹಾಗೆ ಮಿಲಿಮೀಟರ್ ಗೆರೆ. ಅದನ್ನು ಒಸಡಿಗೂ ಹಲ್ಲಿಗೂ ನಡುವೆ ಮೆಲ್ಲಗೆ ಇಳಿಸಿ, ಎಷ್ಟು ಆಳ ಹೋಯಿತು ಅಂತ ಓದುತ್ತಾರೆ. ಒಂದೊಂದು ಹಲ್ಲಿಗೆ ಆರು ಕಡೆ. ಪಕ್ಕದಲ್ಲಿ ಕೂತ ಹುಡುಗಿ ಬರೆದುಕೊಳ್ಳುತ್ತಿದ್ದಳು. "ಮೂರು, ಎರಡು, ಮೂರು. ಎರಡು, ಎರಡು, ಮೂರು." ಮಗ್ಗಿ ಕೇಳಿದ ಹಾಗೆ ನಿದ್ದೆ ಬರುವಂತಿತ್ತು. ಹಿಂದಿನ ದವಡೆಹಲ್ಲಿಗೆ ಬಂದಾಗ "ಐದು, ನಾಲ್ಕು, ಏಳು" ಅಂದರು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಏಳು ಮಿಲಿಮೀಟರ್ ಕಡ್ಡಿ ಒಳಗೆ ಹೋಗಿದೆ, ನನಗೆ ಸಣ್ಣ ಒತ್ತಡ ಬಿಟ್ಟರೆ ಏನೂ ಗೊತ್ತಾಗಿರಲಿಲ್ಲ.

ಹೊರಡುವಾಗ ಮಾವ ಕರೆದು ಹೇಳಿದ್ದ, "ಕ್ಲೀನಿಂಗ್ ಮಾತ್ರ ಮಾಡಿಸ್ಬೇಡ, ಇರೋ ಹಲ್ಲೂ ಅಲ್ಲಾಡ್ತವೆ." ಈ ಮಾತು ನೀವೂ ಕೇಳಿರುತ್ತೀರಿ. ಇದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಹಾಗೆ ಅನ್ನಿಸಿರುತ್ತದೆ. ಯಾಕೆ ಅಂದರೆ ಹತ್ತು ಹದಿನೈದು ವರ್ಷದ ಕಿಟ್ಟ ಹಲ್ಲು ಹಲ್ಲಿನ ನಡುವೆ ಸಿಮೆಂಟಿನ ಹಾಗೆ ತುಂಬಿಕೊಂಡಿರುತ್ತದೆ. ಅದರ ಹಿಂದೆ ಮೂಳೆ ಕರಗಿ ಹೋಗಿದ್ದರೂ, ಹಲ್ಲುಗಳು ಒಂದನ್ನೊಂದು ಹಿಡಿದುಕೊಂಡು ಗಟ್ಟಿ ಇದ್ದಂತೆ ತೋರುತ್ತವೆ. ಕಿಟ್ಟ ತೆಗೆದ ಕೂಡಲೇ ಸಂದಿ ಕಾಣುತ್ತದೆ, ಅಲ್ಲಾಟ ಗೊತ್ತಾಗುತ್ತದೆ, ಇಷ್ಟು ದಿನ ಮುಚ್ಚಿದ್ದ ಬೇರಿಗೆ ತಣ್ಣೀರು ತಾಗಿ ಜುಂ ಅನ್ನುತ್ತದೆ. ಊತ ಇಳಿದಾಗ ಒಸಡು ಇನ್ನೂ ಸ್ವಲ್ಪ ಕೆಳಗೆ ಹೋದಂತೆ ಕಾಣುತ್ತದೆ. ಬೀಳುವ ಗೋಡೆಯ ಮೇಲಿನ ಬಳ್ಳಿ ಕಿತ್ತಾಗ ಬಿರುಕು ಕಂಡಿತು, ಬಳ್ಳಿ ಕಿತ್ತದ್ದಕ್ಕೇ ಬಿರುಕು ಬಂತು ಅಂದಂತೆ ಈ ಮಾತು.

ಎನಾಮೆಲ್ ಕೆರೆದುಹೋಗುತ್ತದೆ ಅನ್ನುವ ಭಯವೂ ಇದೆ. ನಮ್ಮ ದೇಹದಲ್ಲಿ ಎನಾಮೆಲ್ಲಿಗಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಕ್ಲೀನಿಂಗಿಗೆ ಬಳಸುವ ಸ್ಕೇಲಿಂಗ್ ಯಂತ್ರದ ತುದಿ ಚಾಕುವಿನ ಹಾಗೆ ಕೆರೆಯುವುದಿಲ್ಲ. ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ನಡುಗಿ ಕಿಟ್ಟವನ್ನು ಉದುರಿಸುತ್ತದೆ. ಮೇಲಿನ ಕಿಟ್ಟ ಮಾತ್ರ ತೆಗೆದರೆ ಅದು ಮಾಮೂಲಿ ಕ್ಲೀನಿಂಗ್. ನನ್ನ ಹಾಗೆ ಪಾಕೆಟ್ ಇದ್ದವರಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡಿನ ಕೆಳಗೆ ಬೇರಿನ ಮೇಲಿರುವ ಕಿಟ್ಟವನ್ನೂ ತೆಗೆಯುತ್ತಾರೆ. ಬೇರು ಶುಭ್ರವಾದರೆ ಒಸಡು ಅದಕ್ಕೆ ಮತ್ತೆ ಬಿಗಿಯಾಗಿ ಅಂಟುತ್ತದೆ, ಪಾಕೆಟ್ ಕಿರಿದಾಗುತ್ತದೆ. ಅದಕ್ಕೂ ಬಗ್ಗದ ಆಳದ ಪಾಕೆಟ್ಟಿಗೆ ಒಸಡು ಬಿಡಿಸಿ ಕಣ್ಣಿಗೆ ಕಾಣುವಂತೆ ಸ್ವಚ್ಛ ಮಾಡುವ ಸರ್ಜರಿ ಇದೆ. ಕಡಿದಾದ ಗುಂಡಿಯಂಥ ಕೆಲವು ಜಾಗಗಳಲ್ಲಿ ಮೂಳೆಪುಡಿ ಹಾಕಿ ಬೆಳೆಸುವುದೂ ಆಗುತ್ತದೆ, ಎಲ್ಲ ಕಡೆ ಅಲ್ಲ.

ಮನೆಯಲ್ಲಿ ಮಾಡಬೇಕಾದದ್ದನ್ನು ಡಾಕ್ಟರು ಕನ್ನಡಿ ಹಿಡಿಸಿ ತೋರಿಸಿದರು. ಬ್ರಷ್ಷನ್ನು ಒಸಡಿನ ಕಡೆ ಓರೆಯಾಗಿ ಹಿಡಿದು, ಎಳೆಗಳ ತುದಿ ಆ ಕಿರುಗಾಲುವೆಯ ಬಾಯಿಗೆ ತಾಗುವಂತೆ ಸಣ್ಣಗೆ ಅಲ್ಲಾಡಿಸಬೇಕು. ನಾನು 40 ವರ್ಷ ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ತಿಕ್ಕಿದ್ದೆ. ಹಲ್ಲಿನ ಸಂದಿಗೆ ಬೇರೆ ಪುಟ್ಟ ಬ್ರಷ್ ಸಿಗುತ್ತದೆ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತೆ. ಮೊದಲ ದಿನ ಅದನ್ನು ತೂರಿಸಿ ತೆಗೆದು ಮೂಸಿ ನೋಡಿದೆ. ಅದರ ವರ್ಣನೆ ಇಲ್ಲಿ ಬೇಡ. ರಕ್ತವೂ ಬಂತು. "ಬರ್ಲಿ, ನಿಲ್ಲಿಸ್ಬೇಡಿ" ಅಂದಿದ್ದರು. ಎರಡು ವಾರಕ್ಕೆ ನಿಂತಿತು.

ಮೂರು ತಿಂಗಳ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಕಡ್ಡಿ, ಅದೇ ಮಗ್ಗಿ. ಐದಿದ್ದ ಕಡೆ ಮೂರು ಅಂದರು. ನಾಲ್ಕಿದ್ದದ್ದೂ ಮೂರಾಗಿತ್ತು. ಏಳಿದ್ದ ಜಾಗದಲ್ಲಿ ಕಡ್ಡಿ ಸ್ವಲ್ಪ ಹೊತ್ತು ನಿಂತಿತು. "ಐದು" ಅಂದರು, ಮತ್ತೆ ಇಳಿಸಿ ನೋಡಿ, "ಹೂಂ, ಐದೇ." ಆ ಹಲ್ಲಿಗೆ ಇನ್ನೊಂದು ಸಲ ಒಳಗಿನಿಂದ ಸ್ವಚ್ಛ ಮಾಡಬೇಕಂತೆ. ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದಾರೆ. ಈ ಸಲ ಮಾವನೂ ಜೊತೆಗೆ ಬರುತ್ತಾನಂತೆ, ಪಕ್ಕದ ಹಲ್ಲೂ ಅಲ್ಲಾಡಲು ಶುರುವಾಗಿದೆ.